ಕರ್ತನ ಬರೋಣ, ನಿನ್ನ ಅಡಿಕೆ ತೋಟ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಕರ್ತನಲ್ಲಿ ವಂದನೆಗಳು. ಕರ್ತನಾದ ಯೇಸು ಇನ್ನು ಕೆಲವೇ ವರ್ಷಗಳಲ್ಲಿ ಮತ್ತೆ ಬರುತ್ತಾನೆ ಎಂದು ನೀನು ಬರೆದ ಉದ್ದನೆಯ ಮೆಸೇಜ್ ಓದಿದೆ. ಫೋನಿನಲ್ಲಿ ಮಾತಾಡಿದರೆ ಇಬ್ಬರೂ ದನಿ ಏರಿಸುತ್ತೇವೆ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಕ್ರೈಸ್ತ ಸಭೆಗಳ ಎಷ್ಟೋ ಮನೆಗಳಲ್ಲಿ ಈಗ ಇದೇ ಮಾತು ನಡೆಯುತ್ತಿದೆ. ಹಾಗಾಗಿ ನಿನ್ನ ಒಪ್ಪಿಗೆ ಕೇಳಿ, ಹೆಸರು ಬಿಟ್ಟು, ನಾಲ್ಕು ಜನ ಓದುವ ಹಾಗೆ ಇಡುತ್ತಿದ್ದೇನೆ.

ಕರ್ತನು ಬರುತ್ತಾನೆ ಎಂದು ನಾನೂ ನಂಬುತ್ತೇನೆ. ಜೀವಿಸುವವರಿಗೂ ಸತ್ತವರಿಗೂ ನ್ಯಾಯತೀರಿಸಲು ಬರುವನು ಎಂದು ಭಾನುವಾರದ ಆರಾಧನೆಯಲ್ಲಿ ಹೇಳುವಾಗ ಸುಮ್ನೆ ಬಾಯಿಪಾಠ ಒಪ್ಪಿಸುತ್ತಿರುವುದಿಲ್ಲ. ಯುದ್ಧದ ಸುದ್ದಿ, ಭೂಕಂಪದ ಸುದ್ದಿ ಬಂದಾಗ ನನ್ನ ಎದೆಯೂ ಹೊಡೆದುಕೊಳ್ಳುತ್ತದೆ. ನಿನ್ನ ನಂಬಿಕೆಯನ್ನು ಅಲ್ಲಾಡಿಸಬೇಕೆಂಬ ಆಸೆ ನನಗಿಲ್ಲ.

ನಿದ್ದೆ ಕೆಡಿಸಿದ್ದು ನಿನ್ನ ಎರಡು ನಿರ್ಧಾರಗಳು. ಗಾಳಿಗೆ ಬಿದ್ದ ಅಡಿಕೆ ಮರಗಳ ಜಾಗದಲ್ಲಿ ಹೊಸ ಸಸಿ ನೆಡುವುದಿಲ್ಲ ಎಂದಿದ್ದೀಯ. ಫಸಲಿಗೆ ಐದಾರು ವರ್ಷ ಬೇಕು, ಅಷ್ಟರೊಳಗೆ ಕರ್ತನು ಬಂದಿರುತ್ತಾನೆ ಎಂಬುದು ನಿನ್ನ ಲೆಕ್ಕ. ಮಗಳ ನರ್ಸಿಂಗ್ ಓದನ್ನು ಅರ್ಧಕ್ಕೇ ಬಿಡಿಸಿ, ಆ ದುಡ್ಡನ್ನು ವಿಡಿಯೋದಲ್ಲಿ ಮಾತಾಡುವ ಆ ಬೋಧಕರ ಸೇವೆಗೆ ಕಳಿಸುತ್ತೇನೆ ಎಂದೂ ಬರೆದಿದ್ದೀಯ. ಇದನ್ನು ಓದಿ ಸುಮ್ಮನಿರಲು ನನಗೆ ಆಗಲಿಲ್ಲ.

ಬೈಬಲಿನ ಮತ್ತಾಯ 24ನೇ ಅಧ್ಯಾಯ ನಿನಗೆ ಹೆಚ್ಚುಕಡಿಮೆ ಬಾಯಿಗೆ ಬರುತ್ತದೆ. ಆ ದಿನ, ಆ ಗಳಿಗೆ ತಂದೆಯೊಬ್ಬನಿಗೇ ಗೊತ್ತು ಎಂಬ 36ನೇ ವಚನವೂ ಗೊತ್ತು. ಅದರ ಮುಂದಿನದನ್ನು ಇನ್ನೊಮ್ಮೆ ನಿಧಾನಕ್ಕೆ ಓದು. ಯಜಮಾನ ಬಂದಾಗ ಭೇಷ್ ಎನಿಸಿಕೊಳ್ಳುವ ಆಳು ಏನು ಮಾಡುತ್ತಿರುತ್ತಾನೆ? ಮನೆಯವರಿಗೆ ಹೊತ್ತು ಹೊತ್ತಿಗೆ ಊಟ ಬಡಿಸುತ್ತಿರುತ್ತಾನೆ. ಅಷ್ಟೇ. ಯಜಮಾನ ಯಾವ ತಾರೀಖಿಗೆ ಬರುತ್ತಾನೆಂದು ಲೆಕ್ಕ ಹಾಕಿದವನಿಗೆ ಅಲ್ಲಿ ಯಾವ ಬಹುಮಾನವೂ ಇಲ್ಲ.

ಮೊದಲ ಕಾಲದ ಥೆಸಲೋನಿಕದ ಸಭೆಯಲ್ಲೂ ಇದೇ ಆಗಿತ್ತು ಅಲ್ವಾ? ಕರ್ತನ ದಿನ ಬಂದೇ ಬಿಟ್ಟಿತು ಎಂಬ ಮಾತಿಗೆ ಜನ ಬೆದರಿದ್ದರು. ಕೆಲವರು ಕೆಲಸ ಬಿಟ್ಟು ತಿರುಗುತ್ತಿದ್ದರು. ಗುಡಾರ ಹೊಲಿದು ಹೊಟ್ಟೆ ಹೊರೆಯುತ್ತಿದ್ದ ಅಪೊಸ್ತಲ ಪೌಲನು ಅವರಿಗೆ ನೇರವಾಗಿಯೇ ಬರೆದ: ದುಡಿಯಲು ಒಲ್ಲದವನು ಉಣ್ಣಲೂ ಬಾರದು. ತನ್ನ ಶಿಷ್ಯ ತಿಮೊಥೆಯನಿಗೆ ಬರೆದದ್ದು ಇನ್ನೂ ಕಟು. ತನ್ನ ಮನೆಯವರನ್ನು ನೋಡಿಕೊಳ್ಳದವನು ನಂಬಿಕೆಯನ್ನೇ ತಳ್ಳಿಬಿಟ್ಟವನು, ನಂಬದವನಿಗಿಂತ ಕಡೆ. ಮಗಳ ಫೀಸಿನ ವಿಷಯಕ್ಕೆ ನಾನು ಬೇರೆ ವಚನ ಹುಡುಕುವುದಿಲ್ಲ.

ತಾರೀಖು ಇಟ್ಟವರ ಕಥೆ ಹಳೆಯದು. ಅಮೆರಿಕದಲ್ಲಿ ವಿಲಿಯಂ ಮಿಲ್ಲರ್ ಎಂಬ ರೈತ ಬೋಧಕ ಬೈಬಲಿನ ದಾನಿಯೇಲನ ಪುಸ್ತಕ ಹಿಡಿದು ಲೆಕ್ಕ ಹಾಕಿದ. 1843ರ ಮಾರ್ಚಿನಿಂದ 1844ರ ಮಾರ್ಚಿನೊಳಗೆ ಕರ್ತನು ಬರುತ್ತಾನೆ ಎಂದ. ಬರಲಿಲ್ಲ. ಆಮೇಲೆ ಅವನ ಕಡೆಯವರು 1844ರ ಅಕ್ಟೋಬರ್ 22 ಎಂದರು. ಆಲೂಗಡ್ಡೆ ಕೀಳದೆ ಹೊಲದಲ್ಲೇ ಬಿಟ್ಟವರಿದ್ದರು. ಅಂಗಡಿ ಮುಚ್ಚಿದವರಿದ್ದರು. ಆ ರಾತ್ರಿ ಕಾದು ಕೂತವರಲ್ಲಿ ಒಬ್ಬ, ಬೆಳಗಾಗುವ ತನಕ ಅತ್ತೆವು ಎಂದು ಬರೆದಿಟ್ಟಿದ್ದಾನೆ. ಅವನ ನೋವು ನಿಜ. ಅದನ್ನು ಓದಿ ನಗುವವರನ್ನು ಕಂಡರೆ ನನಗೆ ಬೇಸರ. ಆದರೆ ಮರುದಿನ ಆ ಮನೆಗಳ ಮಕ್ಕಳಿಗೂ ಹಸಿವಾಗಿತ್ತು. 2011ರಲ್ಲಿ ಅಮೆರಿಕದ ರೇಡಿಯೋ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ ಮೇ 21 ಎಂದಾಗ ಜೀವಮಾನದ ಉಳಿತಾಯವನ್ನೇ ಸುರಿದವರಿದ್ದರು. ಮರುವರ್ಷ ಕ್ಯಾಂಪಿಂಗ್ ಅವರೇ ತಾರೀಖು ಹೇಳಿದ್ದು ಪಾಪವಾಯಿತು ಎಂದು ಒಪ್ಪಿಕೊಂಡರು. ಖರ್ಚಾದ ದುಡ್ಡು ಮಾತ್ರ ವಾಪಸ್ ಬರಲಿಲ್ಲ.

ದುಡ್ಡಿನ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ದಕ್ಷಿಣ ಕೊರಿಯಾದಲ್ಲಿ ಒಬ್ಬ ಬೋಧಕ 1992ರ ಅಕ್ಟೋಬರ್ 28ಕ್ಕೆ ಕರ್ತನು ನಂಬಿದವರನ್ನು ಪರಲೋಕಕ್ಕೆ ಎತ್ತಿಕೊಳ್ಳುತ್ತಾನೆ ಎಂದು ಸಾರಿದ. ಜನ ಕೆಲಸ ಬಿಟ್ಟರು, ಮನೆ ಮಾರಿದರು. ಅವನು ಮಾತ್ರ 1993ರ ಮೇನಲ್ಲಿ ಕೈಗೆ ಬರುವ ಬಾಂಡುಗಳನ್ನು ಕೊಂಡಿಟ್ಟಿದ್ದ. ವಂಚನೆಗಾಗಿ ಜೈಲು ಸೇರಿದ. ನಿನ್ನ ಬೋಧಕರು ಅಂಥವರು ಎನ್ನುತ್ತಿಲ್ಲ. ಆದರೆ ಅವರು ತಮ್ಮ ಮಕ್ಕಳ ಓದನ್ನು ನಿಲ್ಲಿಸಿದ್ದಾರಾ ಎಂದು ಕೇಳಿ ನೋಡು.

ಇನ್ನು ನಮ್ಮ ಮನೆಯದೇ ಕಥೆಗೆ ಬರುತ್ತೇನೆ. ನೀನು, ನಾನು ಬೆಳೆದ ಸಭೆಯ ಬೇರು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್. ಅಲ್ಲಿಂದ ಬಂದ ಎಷ್ಟೋ ಮಿಶನರಿಗಳ ಊರು ಜರ್ಮನಿಯ ವ್ಯೂರ್ಟೆಂಬರ್ಗ್. ಆ ಸೀಮೆಯ ದೊಡ್ಡ ಬೈಬಲ್ ಪಂಡಿತ ಬೆಂಗೆಲ್, ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯನ್ನು ಲೆಕ್ಕ ಹಾಕಿ, 1836ರಲ್ಲಿ ಕರ್ತನ ಸಾವಿರ ವರ್ಷದ ಆಳ್ವಿಕೆ ಶುರುವಾಗುತ್ತದೆ ಎಂದಿದ್ದರು. ಅವರು 1752ರಲ್ಲೇ ತೀರಿಕೊಂಡರು, ಲೆಕ್ಕ ಉಳಿಯಿತು. 1817ರಲ್ಲಿ ಅಲ್ಲಿನ ಸಾವಿರಾರು ಜನ ಮನೆಮಠ ಬಿಟ್ಟು, ಡ್ಯಾನ್ಯೂಬ್ ನದಿಯಲ್ಲಿ ದೋಣಿ ಹತ್ತಿ, ಕರ್ತನನ್ನು ಎದುರುಗೊಳ್ಳಲು ಕಾಕಸಸ್ ಪರ್ವತಗಳ ಕಡೆ ಹೊರಟರು. ದಾರಿಯಲ್ಲಿ ಕಾಯಿಲೆಗೆ ಸತ್ತವರೇ ಬಹಳ.

ಅದೇ ಸೀಮೆಯಲ್ಲಿ 1811ರಲ್ಲಿ ಹುಟ್ಟಿದ ಹುಡುಗ ಹರ್ಮನ್ ಮೋಗ್ಲಿಂಗ್. ಅವರು ನಮ್ಮ ಕರಾವಳಿಗೆ ಹೊರಟು ಬಂದದ್ದು ಯಾವಾಗ ಗೊತ್ತಾ? ಅದೇ 1836ರಲ್ಲಿ! ಬಂದವರು ಬೆಟ್ಟ ಹತ್ತಿ ಕೂರಲಿಲ್ಲ. ಕನ್ನಡ ಕಲಿತರು. ಹುಡುಗರಿಗೆ ಪಾಠ ಹೇಳಿದರು. 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ ಅದು. ತಾರೀಖು ಗಮನಿಸು. ಮಿಲ್ಲರ್ ಕಡೆಯವರು ಇದೇ ಕೊನೆಯ ವರ್ಷ ಎಂದು ಕಾದು ಕೂತಿದ್ದ ದಿನಗಳಲ್ಲಿ, ಅದೇ ಕರ್ತನನ್ನು ನಂಬಿದ ಮನುಷ್ಯ ಮಂಗಳೂರಿನಲ್ಲಿ ಮುಂದಿನ ಸಂಚಿಕೆಗೆ ಸುದ್ದಿ ಜೋಡಿಸುತ್ತಿದ್ದರು. ಆಮೇಲೆ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನೂ ಅಚ್ಚಿಗೆ ತಂದರು. ಹಿಂದಿನಿಂದ ಬಂದವರು ನೇಯ್ಗೆ ಕಲಿಸಿದರು, ಹೆಂಚಿನ ಕಾರ್ಖಾನೆ ಕಟ್ಟಿದರು. 1894ರಲ್ಲಿ ಕಿಟೆಲ್ ನಿಘಂಟು ಬಂತು. ಕರ್ತನ ರಾಜ್ಯ ಬರಲಿ ಎಂದು ದಿನಾ ಬೇಡುತ್ತಿದ್ದ ಜನರ ದುಡಿಮೆ ಇದು. ಆ ಪ್ರಾರ್ಥನೆಯಲ್ಲೇ ಅನುದಿನದ ಆಹಾರವನ್ನೂ ಕೇಳುತ್ತೇವಲ್ಲ. ಒಂದೇ ಉಸಿರಿನಲ್ಲಿ ಎರಡನ್ನೂ ಕೇಳಲು ಕಲಿಸಿದವನು ಕರ್ತನೇ.

ನಿನ್ನ ತೋಟಕ್ಕೆ ಬರುತ್ತೇನೆ. ಪ್ರವಾದಿ ಯೆರೆಮೀಯನ ಪುಸ್ತಕದ 32ನೇ ಅಧ್ಯಾಯವನ್ನು ಈ ರಾತ್ರಿ ಓದು. ಬಾಬಿಲೋನಿನ ಸೈನ್ಯ ಯೆರೂಸಲೇಮನ್ನು ಮುತ್ತಿದೆ. ಗೋಡೆಗೆ ಮಣ್ಣಿನ ದಿಬ್ಬ ಏರಿಸುತ್ತಿದ್ದಾರೆ. ಪಟ್ಟಣ ಬೀಳುತ್ತದೆ ಎಂದು ಸಾರಿದವನೇ ಯೆರೆಮೀಯ. ಅದಕ್ಕೇ ಅವನನ್ನು ಕಾವಲಿನಲ್ಲಿ ಇಟ್ಟಿದ್ದಾರೆ. ಆಗ ಚಿಕ್ಕಪ್ಪನ ಮಗ ಬಂದು ಅನಾತೋತಿನ ಹೊಲ ಕೊಳ್ಳುತ್ತೀಯಾ ಎಂದು ಕೇಳುತ್ತಾನೆ. ನಾಳೆ ಶತ್ರುವಿನ ಪಾಲಾಗುವ ಹೊಲ! ದೇವರ ಮಾತಿನಂತೆ ಯೆರೆಮೀಯ ಕೊಳ್ಳುತ್ತಾನೆ. ಅದೂ ಎಷ್ಟು ಕ್ರಮವಾಗಿ ನೋಡು: 17 ಶೆಕೆಲ್ ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗುತ್ತಾನೆ. ಪತ್ರ ಬರೆದು ಮುದ್ರೆ ಒತ್ತುತ್ತಾನೆ. ಸಾಕ್ಷಿಗಳ ರುಜು ಹಾಕಿಸುತ್ತಾನೆ. ಮುಚ್ಚಿದ ಪತ್ರ, ತೆರೆದ ಪತ್ರ ಎರಡನ್ನೂ ತನ್ನ ಬರಹಗಾರ ಬಾರೂಕನ ಕೈಗೆ ಕೊಟ್ಟು, ಬಹಳ ದಿನ ಉಳಿಯುವ ಹಾಗೆ ಮಡಕೆಯಲ್ಲಿ ಇಡು ಎನ್ನುತ್ತಾನೆ. ನಮ್ಮ ಸಬ್ ರಿಜಿಸ್ಟ್ರಾರ್ ಕಚೇರಿಯ ಕೆಲಸವೇ ಅದು. ಅವನು ಸಾರಿದಂತೆ ಪಟ್ಟಣ ಬಿತ್ತು. ಆದರೂ ಈ ದೇಶದಲ್ಲಿ ಮತ್ತೆ ಮನೆ, ಹೊಲ, ದ್ರಾಕ್ಷಿತೋಟ ಕೊಳ್ಳುವ ದಿನ ಬರುತ್ತದೆ ಎಂದು ದೇವರು ಆ ಹೊಲದ ಮೂಲಕ ಹೇಳಿದ್ದನು.

ಕರ್ತನು ಬಂದಾಗ ನಿನ್ನ ಅಡಿಕೆ ಮೂರು ವರ್ಷದ ಗಿಡವಾಗಿದ್ದರೆ ನಷ್ಟ ಏನು? ಕೈ ಮಣ್ಣಾಗಿರುವಾಗಲೇ ಅವನನ್ನು ಎದುರುಗೊಳ್ಳುತ್ತೀಯ, ಅಷ್ಟೇ ಅಲ್ವಾ? ನಿನ್ನ ಮಗಳು ರೋಗಿಯ ಗಾಯ ತೊಳೆಯುತ್ತಿರುವಾಗ ಬಂದರೆ ಇನ್ನೂ ಒಳ್ಳೆಯದು. ನಾನು ರೋಗಿಯಾಗಿದ್ದೆನು, ನನ್ನನ್ನು ನೋಡಲು ಬಂದಿರಿ ಎನ್ನುವವನು ಅವನೇ ತಾನೆ?

ಫೀಸಿಗೆ ಕಡೇ ತಾರೀಖು ಯಾವಾಗ ಎಂದು ಇವತ್ತೇ ತಿಳಿಸು. ಎಷ್ಟು ಕಡಿಮೆ ಬೀಳುತ್ತದೋ ಸಂಕೋಚ ಬಿಟ್ಟು ಹೇಳು. ಮಗಳ ಹತ್ತಿರ ನೀನೇ ಮಾತಾಡು. ಅವಳು ಅಮ್ಮನ ಹತ್ತಿರ ಅತ್ತಿದ್ದಾಳೆ. ಸಸಿಗಳನ್ನು ನರ್ಸರಿಯಲ್ಲಿ ಈಗಲೇ ಹೇಳಿಡು, ಮಳೆ ಹಿಡಿದ ಮೇಲೆ ಒಳ್ಳೆಯವು ಸಿಗುವುದಿಲ್ಲ. ಗುಂಡಿ ತೆಗೆಯುವ ದಿನ ಹೇಳಿದರೆ ನಾನೂ ಬರುತ್ತೇನೆ.

ಕರ್ತನ ಬರೋಣವನ್ನು ನಿನ್ನ ಜೊತೆಗೇ ಎದುರು ನೋಡುವ,
ನಿನ್ನ ಗೆಳೆಯ