ಮಗಳಿಗೊಂದು ಪತ್ರ: ಕಲ್ಲುಹೂವು, ಕಡಲಾಮೆ

ಶಿರಸಿ

ಪ್ರೀತಿಯ ಕೂಸೇ,

ಕಲ್ಲುಹೂವನ್ನೂ ಆಲಿವ್ ರಿಡ್ಲೆ ಕಡಲಾಮೆಯನ್ನೂ ಹೋಲಿಸಿ ಬರೆಯಬೇಕು ಎಂದಿದ್ದೆಯಲ್ಲ. ಬಣ್ಣ, ಗಾತ್ರದ ಪಟ್ಟಿ ಮಾಡಿ ಪ್ರಯೋಜನವಿಲ್ಲ. ಎರಡೂ ಮುಂದಿನ ಪೀಳಿಗೆಯನ್ನು ಹೇಗೆ ಕಳಿಸಿಕೊಡುತ್ತವೆ ಎಂಬುದನ್ನು ಹಿಡಿದುಕೋ.

ಮಸಾಲೆಗೆ ಹಾಕುವ ಕಲ್ಲುಹೂವು, ಪಾರ್ಮೊಟ್ರೀಮಾ ಪರ್ಲೇಟಮ್, ಶಿಲೀಂಧ್ರವೂ ಹಸಿರು ಪಾಚಿಯೂ ಕೂಡಿ ಆದದ್ದು. ಒಂದನ್ನು ಬಿಟ್ಟು ಇನ್ನೊಂದು ಹೋದರೆ ಹೊಸ ಕಲ್ಲುಹೂವು ಹುಟ್ಟುವುದಿಲ್ಲ. ಹತ್ತು ಪಟ್ಟಿನ ಲೆನ್ಸ್ ಹಿಡಿದು ಅಂಚು ನೋಡು, ಹಿಟ್ಟು ಉದುರಿಸಿದ ಹಾಗಿರುತ್ತದೆ. ಆ ಹಿಟ್ಟಿನ ಒಂದೊಂದು ಕಣದಲ್ಲೂ ಪಾಚಿಯ ಕೋಶಗಳಿಗೆ ಶಿಲೀಂಧ್ರದ ಎಳೆ ಸುತ್ತಿಕೊಂಡಿದೆ. ಗಾಳಿ, ಮಳೆಯಲ್ಲಿ ಜೋಡಿಯಾಗಿಯೇ ಹೊರಡುತ್ತವೆ. ಒಣಗಿದ್ದಾಗ ಎಬ್ಬಿಸಬೇಡ, ಪುಡಿಯಾಗುತ್ತದೆ. ನೀರು ಚಿಮುಕಿಸಿದರೆ ಮೇಲ್ಪದರ ತಿಳಿಯಾಗಿ ಒಳಗಿನ ಹಸಿರು ಕಾಣುತ್ತದೆ. ಅಡಿಯ ಕಪ್ಪು ಎಳೆಗಳು ಹಿಡಿದುಕೊಳ್ಳಲು ಮಾತ್ರ, ಬೇರಲ್ಲ. ಊಟವೆಲ್ಲ ಗಾಳಿ, ಮಂಜು, ಮಳೆಯಿಂದಲೇ. ಹಾಗಾಗಿ ಗಂಧಕದ ಹೊಗೆ ತಾಗಿದರೆ ಬೇಗ ಸೊರಗುತ್ತದೆ. ಆದರೆ ನಮ್ಮ ತೋಟದ ಮರ ನೋಡಿ ಗಾಳಿಯ ಬಗ್ಗೆ ತೀರ್ಮಾನ ಬರೆಯಬೇಡ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ, ಅಂದರೆ 100 ಲೀಟರ್ ನೀರಿಗೆ ಮೈಲುತುತ್ತ, ಸುಣ್ಣ ಒಂದೊಂದು ಕಿಲೋ, ಕಾಂಡದ ಮೇಲೆ ಇಳಿದರೆ ತಾಮ್ರವೇ ಅದನ್ನು ಸಾಯಿಸೀತು. ಔಷಧಿ ಕಾಣದ ಮಾವಿನ ಮರ ಹುಡುಕು.

ಆಮೆಯದು ಬೇರೆಯೇ ಲೆಕ್ಕ. ಹೊನ್ನಾವರದ ಕಾಸರಕೋಡು, ಕಾರವಾರದ ದೇವಬಾಗದಂಥ ಕಡಲತಡಿಯಲ್ಲಿ ಚಳಿಗಾಲದ ರಾತ್ರಿ ತಾಯಿ ಹತ್ತಿ ಬಂದು, ತಂಬಿಗೆಯ ಹಾಗೆ ಬಾಯಿ ಕಿರಿದು ತಳ ಅಗಲದ ಗುಂಡಿ ತೋಡಿ, ನೂರರ ಆಸುಪಾಸು ಮೊಟ್ಟೆ ಇಟ್ಟು ಹೋಗುತ್ತಾಳೆ. ಆಳ ಸುಮಾರು ಒಂದೂವರೆ ಅಡಿ. ಮುಂದೆ ಕಾವು ಕೊಡುವುದು ಮರಳು, ಗಂಡೋ ಹೆಣ್ಣೋ ಎಂದು ನಿರ್ಧರಿಸುವುದೂ ಮರಳಿನ ಬಿಸಿಯೇ. 30 ಡಿಗ್ರಿಯ ಆಚೀಚೆ ಎರಡೂ, ಅದಕ್ಕಿಂತ ಬಿಸಿಯಾದರೆ ಹೆಣ್ಣೇ ಹೆಚ್ಚು, ತೀರಾ ಕಾದರೆ ಮೊಟ್ಟೆ ಬೆಂದೇ ಹೋಗುತ್ತವೆ. ಸುಮಾರು 45ರಿಂದ 60 ದಿನಕ್ಕೆ ಮರಿ.

ಅಲೆ ಬಡಿಯುವ ಜಾಗದ ಗೂಡನ್ನು ಸ್ಥಳಾಂತರಿಸುವಾಗ ಎಡವಟ್ಟಾಗುವುದು ಒಂದೇ ಕಡೆ. ಇಟ್ಟ ಕೆಲವು ತಾಸಿನಲ್ಲಿ ಭ್ರೂಣ ಮೇಲ್ಭಾಗದ ಚಿಪ್ಪಿನ ಒಳಮೈಗೆ ಅಂಟಿಕೊಳ್ಳುತ್ತದೆ. ಆಮೇಲೆ ಮೊಟ್ಟೆ ಮಗುಚಿದರೆ ಆ ತೆಳುಪೊರೆ ಹರಿದು ಒಳಗೇ ಸಾಯುತ್ತದೆ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಅದಕ್ಕೇ ಮೇಲಿದ್ದ ಬದಿ ಮೇಲೆಯೇ ಇರುವಂತೆ, ಅದೇ ಆಳದ ಹಸಿ ಮರಳಿಗೆ ಬೇಗ ಸಾಗಿಸಬೇಕು. ಆಮೆ 1972ರ ವನ್ಯಜೀವಿ ಕಾಯಿದೆಯ ಒಂದನೇ ಅನುಸೂಚಿಯಲ್ಲಿ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯಲ್ಲಿ ಇದೆ. ಅರಣ್ಯ ಇಲಾಖೆಯವರಿಲ್ಲದೆ ಗೂಡು ಮುಟ್ಟಬೇಡ, ನೋಡಲು ಹೋದರೆ ಟಾರ್ಚ್ ಆರಿಸು. ಮರಿಗಳು ಬೆಳಕಿನ ಕಡೆಗೇ ಹರಿಯುತ್ತವೆ.

ನಿನ್ನ
ಆಯಿ