ತಾಯಿಯ ಕೆಲಸವನ್ನು ಮಾತ್ರ ತಕ್ಕಡಿಗೆ ಹಾಕಬೇಡಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪತ್ರಿಕೆಯ ಉದ್ಯೋಗ ಪುಟವನ್ನು ನಾನೂ ನನ್ನ ಹೆಂಡತಿಯೂ ತಪ್ಪದೆ ಓದುತ್ತೇವೆ. ಹೊಸ ಕೆಲಸಕ್ಕೆ ಸಂಬಳ ಎಷ್ಟು ಜಾಸ್ತಿ ಕೇಳಬೇಕು, ಸಂದರ್ಶನದಲ್ಲಿ ಹೇಗೆ ಮಾತಾಡಬೇಕು, ಹಳೇ ಕಂಪನಿಗೆ ರಾಜೀನಾಮೆ ಹೇಗೆ ಕೊಡಬೇಕು, ಇದೆಲ್ಲ ಅಲ್ಲಿ ಬರುತ್ತದೆ. ಆದರೆ ಮನೆಯಲ್ಲಿ ವಿಶೇಷ ಅಗತ್ಯವಿರುವ ಮಗು ಇದ್ದವರು ಈ ಲೆಕ್ಕ ಹೇಗೆ ಹಾಕಬೇಕು ಅನ್ನೋದನ್ನು ಅಲ್ಲಿ ನಾನು ಓದಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಬಹುದು.

ನಮ್ಮ ಮಗಳಿಗೆ ಏಳು ವರ್ಷ. ಆಟಿಸಂ ಇದೆ. ಮಾತು ಕಡಿಮೆ, ಆದರೆ ಹೇಳಬೇಕಾದ್ದನ್ನು ಹೇಗಾದರೂ ಹೇಳಿಬಿಡುತ್ತಾಳೆ, ಕೇಳಿಸಿಕೊಳ್ಳುವವರಿಗೆ ತಾಳ್ಮೆ ಇರಬೇಕು ಅಷ್ಟೆ. ಈ ವರ್ಷದ ಶುರುವಿನಲ್ಲಿ ನನ್ನ ಹೆಂಡತಿಗೆ ಬೇರೆ ಕಂಪನಿಯಿಂದ ಒಳ್ಳೆ ಆಫರ್ ಬಂತು. ಹತ್ತು ವರ್ಷ ದುಡಿದ ಮೇಲೆ ಒಂದು ತಂಡವನ್ನೇ ನಡೆಸುವ ಕೆಲಸ. ಸುದ್ದಿ ಕೇಳಿದವರೆಲ್ಲ ಮೊದಲು ಕೇಳಿದ್ದು ಒಂದೇ ಮಾತು: "ಹಾಗಾದ್ರೆ ಮಗೂನ ಯಾರು ನೋಡ್ಕೋತಾರೆ?" ನಮ್ಮ ಅಮ್ಮ ಕೇಳಿದರು, ನನ್ನ ಅತ್ತೆ ಕೇಳಿದರು, ಅವಳ ಆಫೀಸಿನ ಗೆಳತಿಯೂ ಕೇಳಿದಳು.

ಮೂರು ವರ್ಷದ ಹಿಂದೆ ನಾನು ಕೆಲಸ ಬದಲಿಸಿದ್ದೆ. ಆಗ ಮಗಳಿಗೆ ನಾಲ್ಕು ವರ್ಷ, ಆಟಿಸಂ ಅಂತ ಡಾಕ್ಟರು ಹೇಳಿ ಎರಡು ತಿಂಗಳಾಗಿತ್ತು. ಒಬ್ಬರೂ ನನ್ನನ್ನು ಈ ಪ್ರಶ್ನೆ ಕೇಳಲಿಲ್ಲ. ಎಲ್ಲರೂ ಕೈಕುಲುಕಿದರು. ನಾನೂ ನನ್ನನ್ನು ಕೇಳಿಕೊಳ್ಳಲಿಲ್ಲ. ನನ್ನ ಹೊಸ ಕೆಲಸದ ಭಾರವನ್ನು ಪೂರ್ತಿ ಹೊತ್ತವಳು ಅವಳು. ಥೆರಪಿಗೆ ಕರೆದುಕೊಂಡು ಹೋಗಿ ಬಂದು, ರಾತ್ರಿ ಹನ್ನೊಂದಕ್ಕೆ ಲ್ಯಾಪ್‌ಟಾಪ್ ತೆಗೆದು ಕೂರುತ್ತಿದ್ದಳು. ಅದು ನನಗೆ ಸರಿಯಾಗಿ ಅರ್ಥವಾಗಿದ್ದು ಈ ವರ್ಷ, ಅವಳ ಆಫರ್ ಲೆಟರ್ ನಮ್ಮ ಮೇಜಿನ ಮೇಲೆ ಮೂರು ವಾರ ಸಹಿ ಇಲ್ಲದೆ ಬಿದ್ದಿದ್ದಾಗ.

ಬೇರೆ ಮಕ್ಕಳ ಅಪ್ಪ ಅಮ್ಮನಿಗೆ ಡೇಕೇರ್ ಅಂದರೆ ದೂರ, ಸಮಯ, ದುಡ್ಡು, ಇಷ್ಟರ ಪ್ರಶ್ನೆ. ನಮಗೆ ಹಾಗಲ್ಲ. ನಾವು ಮೂರು ಕಡೆ ವಿಚಾರಿಸಿದೆವು. ಒಂದು ಕಡೆ ನಮ್ಮಲ್ಲಿ ಅಂಥ ಸಿಬ್ಬಂದಿ ಇಲ್ಲ ಅಂತ ನೇರವಾಗಿ ಹೇಳಿದರು, ಆ ನೇರ ಮಾತಿಗೆ ನಾನು ಈಗಲೂ ಋಣಿ. ಇನ್ನೊಂದು ಕಡೆ ಫೋನಿನಲ್ಲಿ "ಬನ್ನಿ ಬನ್ನಿ, ಜಾಗ ಇದೆ" ಅಂದವರು ಆಟಿಸಂ ಅನ್ನೋ ಪದ ಕೇಳಿದ ಮೇಲೆ ವಾಪಸ್ ಫೋನ್ ಮಾಡಲೇ ಇಲ್ಲ. ಮೂರನೇ ಕಡೆ ಸೇರಿಸಿಕೊಳ್ಳುತ್ತೇವೆ ಅಂದರು, ಆದರೆ ಅವಳು ಅತ್ತರೆ ಅರ್ಧ ಗಂಟೆಯೊಳಗೆ ಬಂದು ಕರೆದುಕೊಂಡು ಹೋಗಬೇಕಂತೆ. ಅರ್ಧ ಗಂಟೆಯಲ್ಲಿ ಬರಲು ಆಗುವವರಿಗೆ ಡೇಕೇರ್ ಯಾಕೆ ಬೇಕು?

ಕೊನೆಗೆ ಉಳಿದದ್ದು ಮಗಳನ್ನು ಎರಡು ವರ್ಷದಿಂದ ಮನೆಗೇ ಬಂದು ನೋಡಿಕೊಳ್ಳುತ್ತಿರುವ ಅಕ್ಕ. ಅವರು ಸಂಜೆ ಐದೂವರೆಯವರೆಗೆ ಮಾತ್ರ ಇರುತ್ತಾರೆ, ಅವರಿಗೂ ಮನೆ ಇದೆ ಅಲ್ವಾ. ಹೊಸ ಕೆಲಸಕ್ಕೆ ಸೇರಿದರೆ ನನ್ನ ಹೆಂಡತಿ ಮನೆಗೆ ಬರೋದು ಎಂಟಕ್ಕೆ. ಐದೂವರೆಯಿಂದ ಎಂಟರವರೆಗೆ ಇನ್ನೊಬ್ಬರನ್ನು ಇಟ್ಟುಕೊಳ್ಳಿ ಅಂತ ಸಲಹೆ ಕೊಟ್ಟವರು ಬಹಳ ಜನ. ಹೊಸಬರು ಬಂದ ದಿನವೇ ಕೆಲಸ ಶುರು ಮಾಡುವಂಥ ಮನೆ ನಮ್ಮದಲ್ಲ. ಅಕ್ಕನಿಗೆ ನಮ್ಮ ಮಗಳು ಅರ್ಥವಾಗಲು ಐದು ತಿಂಗಳು ಹಿಡಿಯಿತು. ಅವರಿಗಾಗಿ ನಾವೊಂದು ನೋಟ್‌ಬುಕ್ ಬರೆದಿದ್ದೆವು, ಈಗ ಅದು ಹನ್ನೊಂದು ಪುಟ ಆಗಿದೆ. ಅದರಲ್ಲಿ ಒಂದು ಸಾಲು: "ನಿಮ್ಮ ಕೈ ಹಿಡಿದು ಬಾಗಿಲ ಕಡೆ ಎಳೆದರೆ ಹೊರಗೆ ಹೋಗೋಣ ಅಂತ ಅಲ್ಲ. ಯಾರೋ ಬಂದಿದ್ದಾರೆ, ಅವರನ್ನು ಕಳಿಸಿ ಅಂತ." ಇದು ಗೊತ್ತಿಲ್ಲದವರು ಅವಳನ್ನು ಪ್ರೀತಿಯಿಂದಲೇ ಹೊರಗೆ ಕರೆದುಕೊಂಡು ಹೋಗುತ್ತಾರೆ, ಅವಳು ಕಿರುಚುತ್ತಾಳೆ, ಮಗು ಹಟಮಾರಿ ಅನ್ನೋ ಹೆಸರು ಬರುತ್ತದೆ.

ಸ್ಪೀಚ್ ಥೆರಪಿಯದೂ ಇದೇ ಕಥೆ. ವಾರಕ್ಕೆ ಎರಡು ಗಂಟೆ ಥೆರಪಿಸ್ಟ್ ಹತ್ತಿರ ಹೋದರೆ ಮುಗಿಯಲಿಲ್ಲ. ಅಲ್ಲಿ ಕಲಿತದ್ದನ್ನು ಊಟದ ಹೊತ್ತಿಗೆ, ಸ್ನಾನದ ಹೊತ್ತಿಗೆ, ಆಟದ ಹೊತ್ತಿಗೆ ಮನೆಯವರು ಮತ್ತೆ ಮತ್ತೆ ಮಾಡಿಸಬೇಕು. ಹಾಗಾಗಿ ಮಗುವನ್ನು ನೋಡಿಕೊಳ್ಳುವವರು ಬದಲಾದರೆ ಅದೂ ನಿಂತೇಹೋಗಬಹುದು.

ನಾವು ಒಂದು ಕೆಲಸ ಮಾಡಿದೆವು, ಅದನ್ನು ಬೇರೆಯವರಿಗೂ ಹೇಳಬೇಕು ಅನ್ನಿಸುತ್ತದೆ. ಆಫರ್‌ಗೆ ಹೂಂ ಅನ್ನುವ ಮೊದಲು ಎರಡು ವಾರ ಹೊಸ ಕೆಲಸದ ಸಮಯವನ್ನೇ ಬದುಕಿ ನೋಡಿದೆವು. ನನ್ನ ಹೆಂಡತಿ ಹಳೇ ಆಫೀಸಿನಿಂದ ಐದಕ್ಕೆ ಹೊರಟರೂ ಬೇಕಂತಲೇ ಮನೆಗೆ ಬರುತ್ತಿದ್ದದ್ದು ಎಂಟಕ್ಕೆ. ಐದೂವರೆಗೆ ನಾನು ಮನೆಯಲ್ಲಿರುತ್ತಿದ್ದೆ.

ಮಗಳ ದಿನವೆಲ್ಲ ಗೋಡೆಯ ಮೇಲಿನ ಒಂದು ಪಟ್ಟಿಯಲ್ಲಿದೆ. ಚಿಕ್ಕ ಚಿಕ್ಕ ಚಿತ್ರಗಳು, ಹಿಂದೆ ವೆಲ್ಕ್ರೋ. ಹಲ್ಲುಜ್ಜುವ ಬ್ರಷ್, ಶೂ, ಸ್ಕೂಲ್ ವ್ಯಾನ್, ಅಕ್ಕ, ತಿಂಡಿ, ಅಮ್ಮ, ಸ್ನಾನ, ಊಟ, ಹಾಸಿಗೆ. ಒಂದೊಂದು ಮುಗಿದ ಹಾಗೆ ಅವಳೇ ಚಿತ್ರ ಕಿತ್ತು ಡಬ್ಬಿಗೆ ಹಾಕುತ್ತಾಳೆ. ಆ ಎರಡು ವಾರಕ್ಕಾಗಿ ನಾವು ಅಮ್ಮನ ಚಿತ್ರವನ್ನು ಊಟದ ಕೆಳಗೆ ಅಂಟಿಸಿದೆವು, ತಿಂಡಿಯ ಕೆಳಗೆ ಅಪ್ಪನ ಚಿತ್ರ ಹಾಕಿದೆವು. ಮೊದಲನೇ ದಿನ ಅವಳು ಸುಮ್ನೆ ನೋಡಿದಳು. ಆಮೇಲೆ ಅಮ್ಮನನ್ನು ಕಿತ್ತು ಹಳೇ ಜಾಗಕ್ಕೆ ಹಾಕಿ, ಅಪ್ಪನನ್ನು ತೆಗೆದು ನನ್ನ ಕೈಯಲ್ಲಿಟ್ಟಳು. ನಾನು ಮತ್ತೆ ಸರಿ ಮಾಡಿದೆ. ಅವಳು ಮತ್ತೆ ಬದಲಿಸಿದಳು. ಆರು ದಿನ ಹೀಗೇ ನಡೆಯಿತು, ಎರಡು ರಾತ್ರಿ ನಿದ್ದೆಯೂ ಮಾಡಲಿಲ್ಲ. ಏಳನೇ ದಿನ ಹೊತ್ತು ಸ್ವಲ್ಪ ಹೆಚ್ಚು ಕಡಿಮೆ ಆಗದ ಹಾಗೆ, ಸರಿಯಾಗಿ ಐದೂವರೆಗೆ ನಾನು ಬಾಗಿಲು ತೆರೆದಾಗ, ಅಪ್ಪನ ಚಿತ್ರ ಹಿಡಿದುಕೊಂಡು ನಿಂತಿದ್ದಳು.

ನನಗೆ ಆಗ ಗೊತ್ತಾಗಿದ್ದು, ಅವಳಿಗೆ ಕಷ್ಟವಾಗಿದ್ದು ಅಮ್ಮ ತಡವಾಗಿ ಬರೋದಕ್ಕಿಂತ ಜಾಸ್ತಿ, ಯಾರು ಯಾವಾಗ ಬರುತ್ತಾರೆ ಅನ್ನೋದು ಗೊತ್ತಿಲ್ಲದಿರೋದು. ಹೇಳಿದ ಹೊತ್ತಿಗೆ ಹೇಳಿದವರು ಬಂದರೆ ಅವಳು ಒಗ್ಗಿಕೊಳ್ಳುತ್ತಾಳೆ. ಎಲ್ಲ ಮಕ್ಕಳೂ ಹೀಗೇ ಅಂತ ನಾನು ಹೇಳುತ್ತಿಲ್ಲ. ದಿನವಿಡೀ ಅಮ್ಮನೇ ಬೇಕಾಗುವ ಮಕ್ಕಳಿದ್ದಾರೆ, ಫಿಟ್ಸ್ ಬರುವ ಮಕ್ಕಳಿದ್ದಾರೆ, ಅಲ್ಲಿ ಲೆಕ್ಕವೇ ಬೇರೆ. ಕೆಲಸ ಬಿಟ್ಟ ತಾಯಂದಿರು ತಪ್ಪು ಮಾಡಿದರು ಅಂತಲೂ ಅಲ್ಲ.

ಕಂಪನಿಗಳಿಗೆ ನಾನು ಹೇಳಬೇಕಾದ್ದು ಇಲ್ಲೇ ಇದೆ. ಜಾಹೀರಾತಿನಲ್ಲಿ ಫ್ಲೆಕ್ಸಿಬಲ್ ಟೈಮಿಂಗ್ ಅಂತ ಬರೆಯುತ್ತೀರಿ. ವಿಚಾರಿಸಿದರೆ ಎಷ್ಟೋ ಕಡೆ ಅದರ ಅರ್ಥ, ರಾತ್ರಿ ಒಂಬತ್ತಕ್ಕೂ ಮೀಟಿಂಗ್ ಇರಬಹುದು, ಬೆಳಗ್ಗೆ ಏಳಕ್ಕೂ ಇರಬಹುದು. ನಮ್ಮಂಥ ಮನೆಗೆ ಬೇಕಾಗಿರೋದು ಹಿಗ್ಗುವ ಸಮಯ ಅಲ್ಲ, ಗಟ್ಟಿಯಾದ ಸಮಯ. ವಾರದಲ್ಲಿ ನಾಲ್ಕು ದಿನ ಇಷ್ಟು ಹೊತ್ತಿಗೆ ಹೊರಡಬಹುದು ಅಂತ ಖಚಿತವಾಗಿ ಹೇಳಿದರೆ, ಮನೆಯಿಂದ ಕೆಲಸ ಅನ್ನೋ ಸೌಲಭ್ಯಕ್ಕಿಂತ ಅದು ನಮಗೆ ದೊಡ್ಡದು.

ಇದು ನನ್ನೊಬ್ಬನ ಆಸೆ ಅಲ್ಲ. ಇಟಲಿಯಲ್ಲಿ ರೈಲು ನಿಲ್ದಾಣದ ಒಬ್ಬ ಉದ್ಯೋಗಿ ತೀವ್ರ ಅಂಗವೈಕಲ್ಯ ಇರುವ ಮಗನನ್ನು ನೋಡಿಕೊಳ್ಳಲು ತನಗೆ ಖಾಯಂ ಆಗಿ ಬೆಳಗಿನ ಶಿಫ್ಟ್ ಕೊಡಿ ಅಂತ ಕೇಳಿದ್ದರು. ಪ್ರಕರಣ ಯುರೋಪಿಯನ್ ಒಕ್ಕೂಟದ ನ್ಯಾಯಾಲಯಕ್ಕೆ ಹೋಗಿ, 2025ರಲ್ಲಿ ತೀರ್ಪು ಬಂತು: ಕಂಪನಿಗೆ ಅತಿಯಾದ ಹೊರೆ ಆಗದಿದ್ದರೆ ಅಂಥ ಹೊಂದಾಣಿಕೆ ಮಾಡಿಕೊಡಬೇಕು. ಅದೇ ನ್ಯಾಯಾಲಯ 2008ರಲ್ಲಿ ಷರಾನ್ ಕೋಲ್‌ಮನ್ ಅನ್ನೋ ಬ್ರಿಟನ್ನಿನ ಲೀಗಲ್ ಸೆಕ್ರೆಟರಿಯ ಪ್ರಕರಣದಲ್ಲಿ, ಮಗುವಿನ ಅಂಗವೈಕಲ್ಯದ ಕಾರಣಕ್ಕೆ ತಾಯಿಯನ್ನು ಕೆಲಸದಲ್ಲಿ ಬೇರೆಯಾಗಿ ನಡೆಸಿಕೊಳ್ಳುವುದೂ ತಾರತಮ್ಯವೇ ಅಂದಿತ್ತು. ಮಗನಿಗಾಗಿ ರಜೆ ಕೇಳಿದಾಗ ತನ್ನನ್ನು ಸೋಮಾರಿ ಅಂದರು ಅನ್ನೋದು ಆಕೆಯ ದೂರುಗಳಲ್ಲಿ ಒಂದು. ನಮ್ಮ ಸುಪ್ರೀಂ ಕೋರ್ಟ್ ಕೂಡ 2024ರ ಏಪ್ರಿಲ್‌ನಲ್ಲಿ, ಅಂಗವೈಕಲ್ಯ ಇರುವ ಮಗನನ್ನು ನೋಡಿಕೊಳ್ಳಲು ರಜೆ ಸಿಗದೆ ಕೋರ್ಟಿಗೆ ಬಂದ ಒಬ್ಬ ಸರ್ಕಾರಿ ಕಾಲೇಜಿನ ಅಧ್ಯಾಪಕಿಯ ಪ್ರಕರಣದಲ್ಲಿ, ಇಂಥ ತಾಯಂದಿರ ಶಿಶುಪಾಲನಾ ರಜೆಯ ಬಗ್ಗೆ ಮತ್ತೆ ಯೋಚಿಸಿ ಅಂತ ಹಿಮಾಚಲ ಪ್ರದೇಶ ಸರ್ಕಾರಕ್ಕೆ ಹೇಳಿತು. ಮಹಿಳೆಯರು ಕೆಲಸದಲ್ಲಿ ಇರೋದು ಅವರಿಗೆ ಕೊಟ್ಟ ರಿಯಾಯಿತಿ ಅಲ್ಲ, ಸಂವಿಧಾನವೇ ಅದನ್ನು ಕೇಳುತ್ತದೆ ಅಂತಲೂ ಆ ಆದೇಶದಲ್ಲಿದೆ.

ಈ ಪ್ರಕರಣಗಳಲ್ಲೆಲ್ಲ ಕೋರ್ಟಿಗೆ ಹೋದವರು ತಾಯಂದಿರು. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 18ನೇ ವಿಧಿ ಮಗುವನ್ನು ಬೆಳೆಸುವ ಜವಾಬ್ದಾರಿ ಇಬ್ಬರು ಹೆತ್ತವರದ್ದೂ ಅನ್ನುತ್ತದೆ. ಕುಟುಂಬದ ಹೊಣೆ ಇರುವ ಕೆಲಸಗಾರರಿಗಾಗಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1981ರಲ್ಲಿ ಮಾಡಿದ ಒಡಂಬಡಿಕೆಯೂ ಗಂಡಸರು, ಹೆಂಗಸರು ಇಬ್ಬರನ್ನೂ ಸೇರಿಸಿಯೇ ಮಾತಾಡುತ್ತದೆ. ಅಪ್ಪಂದಿರಾದ ನಾವು ನಮ್ಮ ಬಾಸ್ ಮುಂದೆ ನಿಂತು "ನಾನು ಐದಕ್ಕೆ ಹೊರಡಬೇಕು, ಮಗಳು ಕಾಯುತ್ತಾಳೆ" ಅಂತ ಹೇಳೋದು ಎಷ್ಟು ಜನ? ನನಗೆ ಆ ಮಾತು ಬಾಯಿಗೆ ಬರಲು ಮೂರು ವರ್ಷ ಬೇಕಾಯಿತು. ಹೇಳಿದ ದಿನ ನನ್ನ ಮ್ಯಾನೇಜರ್ ಮೊದಲು ಕೇಳಿದ್ದು "ಯಾಕೆ, ನಿಮ್ಮ ಮನೆಯವರಿಗೆ ಹುಷಾರಿಲ್ವಾ?" ಅಂತ.

ಹೆಂಡತಿ ಕೆಲಸಕ್ಕೆ ಸೇರಿದಳು. ಸೇರುವ ಮೊದಲು ಅವಳು ಮಗಳ ವಿಷಯ ಬಚ್ಚಿಡದೆ ಹೇಳಿ, ಪ್ರೊಬೇಷನ್ ಸಮಯದಲ್ಲಿ ರಜೆ ಎಷ್ಟು, ಮೀಟಿಂಗ್ ನಡುವೆ ಅಕ್ಕನ ಫೋನ್ ಬಂದರೆ ಎತ್ತಬಹುದಾ, ಥೆರಪಿ ಇರುವ ದಿನ ಬೇಗ ಹೊರಡಬಹುದಾ, ಎಲ್ಲವನ್ನೂ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಂಡಳು. ಬಾಯಿಮಾತಿನ ಭರವಸೆ ಸಾಲದು, ಮ್ಯಾನೇಜರ್ ಬದಲಾದರೆ ಮಾತೂ ಬದಲಾಗುತ್ತದೆ. ನನ್ನ ಕಡೆಯಿಂದ, ಸಂಜೆ ಹೊತ್ತು ವಿದೇಶದವರ ಜೊತೆ ಮಾಡಬೇಕಿದ್ದ ಒಂದು ಪ್ರಾಜೆಕ್ಟ್ ಬಿಟ್ಟುಕೊಟ್ಟೆ. ಅದು ನನಗೆ ಇಷ್ಟವಾದ ಕೆಲಸವಾಗಿತ್ತು. ಬೇಜಾರಾಯಿತು, ಇಲ್ಲ ಅನ್ನೋಲ್ಲ. ಮೂರು ವರ್ಷ ಅವಳು ಎಷ್ಟು ಬಾರಿ ಹೀಗೆ ಬಿಟ್ಟುಕೊಟ್ಟಿದ್ದಳೋ, ಒಂದು ಸಲವೂ ನನ್ನ ಹತ್ತಿರ ಹೇಳಿರಲಿಲ್ಲ.

ಸಂಪಾದಕರೇ, ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಉದ್ಯೋಗ ಪುಟದಲ್ಲಿ ಒಂದು ವಾರ ಕಂಪನಿಗಳಲ್ಲಿ ಜನರನ್ನು ತೆಗೆದುಕೊಳ್ಳುವವರನ್ನು ಕೂರಿಸಿ ಎರಡು ಪ್ರಶ್ನೆ ಕೇಳಿ. ನಿಮ್ಮ ಆಫೀಸಿನಲ್ಲಿ ಇಂಥ ಮಗುವಿನ ತಾಯಿಗೆ ಸಿಗುವ ಖಚಿತ ಸಮಯ ಯಾವುದು? ಅದೇ ಸಮಯವನ್ನು ಒಬ್ಬ ತಂದೆ ಕೇಳಿದರೆ ಕೊಡುತ್ತೀರಾ? ಉತ್ತರಗಳನ್ನು ಹಾಗೇ ಅಚ್ಚು ಹಾಕಿ. ಆ ಪುಟವನ್ನು ನಾವಿಬ್ಬರೂ ಓದುತ್ತೇವೆ.

ಇತಿ,
ಏಳು ವರ್ಷದ ಮಗಳ ತಂದೆ