ಊರು ಸುಮ್ಮನಾದ ಮೇಲೆ ಏನಾಯಿತು?

ಪ್ರೀತಿಯ ಗೆಳತಿ,

ನಿಮ್ಮ ಚಿತ್ರಕಥೆಯನ್ನು ಎರಡು ಸಲ ಓದಿದೆ. 48ರ ವಿಧವೆ ಲೈಬ್ರರಿಯನ್, ಅವಳು ಪ್ರೀತಿಸುವ 29ರ ಎಲೆಕ್ಟ್ರಿಷಿಯನ್. ಇಬ್ಬರೂ ನನಗೆ ತುಂಬ ಹಿಡಿಸಿದರು. ಆದರೆ ಪುಟ ತಿರುವಿದಲ್ಲೆಲ್ಲ ಯಾರಾದರೊಬ್ಬರು ವಯಸ್ಸಿನ ಬಗ್ಗೆ ಭಾಷಣ ಮಾಡುತ್ತಿರುತ್ತಾರೆ. ಮೊದಲು ಮಗ, ಆಮೇಲೆ ನಾದಿನಿ, ಕೊನೆಗೆ ಪಕ್ಕದ ಮನೆಯವರು. ಅವರೆಲ್ಲ ಒಪ್ಪಿದ ಕೂಡಲೇ ಮದುವೆ, ಶುಭಂ. ನಿಜವಾದ ಕಥೆ ಶುರುವಾಗುವುದೇ ಅಲ್ಲಿಂದ ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಫಾಸ್‌ಬಿಂಡರ್ ಅವರ 1974ರ ಜರ್ಮನ್ ಸಿನಿಮಾ 'ಅಲಿ: ಫಿಯರ್ ಈಟ್ಸ್ ದಿ ಸೋಲ್' ನೋಡಿ. ಊರು ಮ್ಯೂನಿಕ್. ಎಮ್ಮಿ 60 ದಾಟಿದ ವಿಧವೆ, ಕಟ್ಟಡಗಳಲ್ಲಿ ಕಸ ಗುಡಿಸಿ ನೆಲ ಒರೆಸುವವಳು. ಅಲಿ ಮೊರಾಕೊದಿಂದ ದುಡಿಯಲು ಬಂದ ಅರಬ, ಅವಳಿಗಿಂತ ಇಪ್ಪತ್ತು ವರ್ಷಕ್ಕೂ ಜಾಸ್ತಿ ಚಿಕ್ಕವನು. ಅದೇ ಊರಿನಲ್ಲಿ 1972ರ ಒಲಿಂಪಿಕ್ಸ್ ವೇಳೆ ಪ್ಯಾಲೆಸ್ತೀನಿ ಉಗ್ರರಿಂದ ಇಸ್ರೇಲಿ ಕ್ರೀಡಾಪಟುಗಳ ಹತ್ಯೆ ನಡೆದಿತ್ತು. ಅರಬರನ್ನು ಕಂಡರೆ ಜನ ಅನುಮಾನ ಪಡುತ್ತಿದ್ದ ಕಾಲ ಅದು.

ಆ ಸಿನಿಮಾದಲ್ಲಿ ಭಾಷಣ ಕಡಿಮೆ. ಎಮ್ಮಿ ಮಕ್ಕಳನ್ನೆಲ್ಲ ಕರೆದು ಕೂರಿಸಿ, ಇವನೇ ನನ್ನ ಗಂಡ ಅನ್ನುತ್ತಾಳೆ. ಕ್ಯಾಮೆರಾ ಒಂದೊಂದೇ ಮುಖದ ಮೇಲೆ ನಿಧಾನಕ್ಕೆ ಸರಿಯುತ್ತದೆ. ಆಮೇಲೆ ಒಬ್ಬ ಮಗ ಎದ್ದು ಅಮ್ಮನ ಟಿವಿಯನ್ನು ಒದ್ದು ಒಡೆಯುತ್ತಾನೆ. ಈ ಟಿವಿ ಸುಮ್ನೆ ಬಂದದ್ದಲ್ಲ. ಫಾಸ್‌ಬಿಂಡರ್ ಬಹಳ ಮೆಚ್ಚಿಕೊಂಡಿದ್ದ ನಿರ್ದೇಶಕ ಡಗ್ಲಾಸ್ ಸರ್ಕ್. ಅವರ 1955ರ 'ಆಲ್ ದಟ್ ಹೆವನ್ ಅಲೌಸ್'ನಲ್ಲೂ ಒಬ್ಬ ವಿಧವೆ ತನಗಿಂತ ಚಿಕ್ಕವನಾದ ತೋಟಗಾರನನ್ನು ಪ್ರೀತಿಸುತ್ತಾಳೆ. ಮಕ್ಕಳ ಹಟಕ್ಕೆ ಅವನನ್ನು ಬಿಡುತ್ತಾಳೆ. ಆಮೇಲೆ ಅವಳ ಒಂಟಿತನಕ್ಕೆ ಜೊತೆಯಾಗಲಿ ಅಂತ ಮಕ್ಕಳು ತಂದುಕೊಡುವುದು ಟಿವಿ. ಅಲ್ಲಿ ಕೊಟ್ಟರು, ಇಲ್ಲಿ ಒಡೆದರು. ಅಮ್ಮನ ಬದುಕು ತಮ್ಮ ಕೈಯಲ್ಲಿದೆ ಅಂದುಕೊಂಡ ಮಕ್ಕಳು ಎರಡೂ ಕಡೆ ಕಾಣುತ್ತಾರೆ, ಅಲ್ವಾ? ನಿಮ್ಮ ಕಥೆಯ ಮಗನಿಗೆ ಮೂರು ಪುಟ ಮಾತಿದೆ. ಅವನು ಏನು ಮಾಡುತ್ತಾನೆ ಅನ್ನುವುದು ಮಾತ್ರ ಎಲ್ಲೂ ಇಲ್ಲ.

ಇನ್ನು ಸಿನಿಮಾದ ಎರಡನೇ ಅರ್ಧ. ನೀವು ಮುಖ್ಯವಾಗಿ ನೋಡಬೇಕಾದದ್ದು ಅದನ್ನೇ. ಗಂಡ ಹೆಂಡತಿ ಪ್ರವಾಸ ಹೋಗಿ ಬರುತ್ತಾರೆ. ಅಷ್ಟರಲ್ಲಿ ಎಲ್ಲರಿಗೂ ಎಮ್ಮಿಯಿಂದ ಏನೋ ಆಗಬೇಕಾಗಿದೆ. ಪಕ್ಕದ ಮನೆಯವಳಿಗೆ ನೆಲಮಾಳಿಗೆಯಲ್ಲಿ ಜಾಗ ಬೇಕು. ಅಂಗಡಿಯವನಿಗೆ ಗಿರಾಕಿ ಬೇಕು. ಟಿವಿ ಒದ್ದ ಮಗನಿಗೆ ಮಗು ನೋಡಿಕೊಳ್ಳುವವರು ಬೇಕು. ಎಲ್ಲರೂ ನಗುತ್ತಾ ಮಾತಾಡಿಸುತ್ತಾರೆ. ಆಗ ಎಮ್ಮಿ ಬದಲಾಗುತ್ತಾಳೆ. ಜೊತೆಗೆ ಕೆಲಸ ಮಾಡುವ ಹೆಂಗಸರಿಗೆ ಅಲಿಯ ತೋಳು ಮುಟ್ಟಿಸಿ ತೋರಿಸುತ್ತಾಳೆ. ಅವನು ತನ್ನ ಊರಿನ ರವೆಯ ಅಡುಗೆ ಕುಸ್‌ಕುಸ್ ಮಾಡಿಕೊಡು ಅಂದರೆ ಆಗಲ್ಲ ಅನ್ನುತ್ತಾಳೆ. ಮೊದಲು ಅವಳನ್ನು ದೂರ ಇಟ್ಟು ಮೆಟ್ಟಿಲ ಮೇಲೆ ಒಂಟಿಯಾಗಿ ಊಟ ಮಾಡುವಂತೆ ಮಾಡಿದ್ದವರು ಇದೇ ಹೆಂಗಸರು. ಈಗ ಅವರ ಜೊತೆ ಸೇರಿ, ಹೊರಗಿನಿಂದ ಬಂದ ಹೊಸಬಳೊಬ್ಬಳನ್ನು ಎಮ್ಮಿಯೇ ದೂರ ಇಡುತ್ತಾಳೆ. ಎಮ್ಮಿ ಕೆಟ್ಟವಳಲ್ಲ. ನಾಲ್ಕು ಜನರ ಸಾಲಿನಲ್ಲಿ ಮತ್ತೆ ಜಾಗ ಸಿಕ್ಕಿತಲ್ಲ, ಅದನ್ನು ಕಳೆದುಕೊಳ್ಳುವ ಧೈರ್ಯ ಅವಳಿಗಿಲ್ಲ. ಅಲಿ ಕುಸ್‌ಕುಸ್ ಮಾಡಿಕೊಡುವ ಬೇರೊಬ್ಬಳ ಮನೆಗೆ ಹೋಗುತ್ತಾನೆ. ಇದನ್ನು ನೋಡುವಾಗ ನನಗೆ ಎಮ್ಮಿಯ ಮೇಲೆ ಸಿಟ್ಟೂ ಬರುತ್ತದೆ, ಅಳುವೂ ಬರುತ್ತದೆ. ನೀವು ಅಂಥ ಹೆಂಗಸನ್ನು ಬರೆಯಬಲ್ಲಿರಿ.

ಇನ್ನೊಂದು ವಿಷಯ. 'ನೋಡಿದರೆ ಮೂವತ್ತೈದು ಅನ್ನಬೇಕು' ಅಂತ ನಾಯಕಿಯ ಬಗ್ಗೆ ಬರೆದಿದ್ದೀರಿ. ದಯವಿಟ್ಟು ತೆಗೆದುಬಿಡಿ. ಎಮ್ಮಿಯಾದ ಬ್ರಿಗಿಟೆ ಮೀರಾ ಹುಟ್ಟಿದ್ದು 1910ರಲ್ಲಿ. ಆ ವಯಸ್ಸು ಮುಖದ ಮೇಲೆ ಇದ್ದ ಹಾಗೇ ಕಾಣುತ್ತದೆ. ನಮ್ಮ ಪಕ್ಕದ ತಮಿಳಿನಲ್ಲಿ ಕೆ. ಬಾಲಚಂದರ್ 1975ರಲ್ಲೇ 'ಅಪೂರ್ವ ರಾಗಂಗಳ್' ಮಾಡಿದರು. ದೊಡ್ಡ ಮಗಳಿರುವ ಗಾಯಕಿ, ಅವಳನ್ನು ಪ್ರೀತಿಸುವ ಹುಡುಗ. ಆ ಕಾಲಕ್ಕೆ ದೊಡ್ಡ ಧೈರ್ಯವೇ. ಆದರೆ ಗಾಯಕಿಯಾದ ಶ್ರೀವಿದ್ಯಾ, ಹುಡುಗನಾದ ಕಮಲ್ ಹಾಸನ್‌ಗಿಂತ ದೊಡ್ಡವರಿದ್ದದ್ದು ಒಂದು ವರ್ಷದ ಮೇಲೆ ಸ್ವಲ್ಪ, ಅಷ್ಟೇ. ವಯಸ್ಸಿನ ಅಂತರ ಮಾತಿನಲ್ಲಿತ್ತು, ಕಣ್ಣಿಗೆ ಕಾಣಲಿಲ್ಲ. ಕೊನೆಗೆ ಅವಳ ಹಳೇ ಗಂಡ ಗೇಟು ತಳ್ಳಿಕೊಂಡು ಬರುತ್ತಾನೆ. ಬೆಂಗಳೂರಿನಲ್ಲಿ ಬಸ್ ಕಂಡಕ್ಟರ್ ಆಗಿದ್ದ ರಜನೀಕಾಂತ್ ಅವರ ಮೊದಲ ಪಾತ್ರ ಅದು. ಅಲ್ಲಿಂದ ಈ ಇಬ್ಬರೂ ಕೂಡಿ ಬಾಳುವ ಪ್ರಶ್ನೆಯೇ ಏಳುವುದಿಲ್ಲ. ನೀವು ಆ ಬಾಗಿಲು ತೆರೆಯಬೇಡಿ. ಹಳೇ ಗಂಡ, ಕ್ಯಾನ್ಸರ್, ಆಕ್ಸಿಡೆಂಟ್ ಯಾವುದೂ ಬೇಡ. ಇಬ್ಬರನ್ನೂ ಒಂದೇ ಮನೆಯಲ್ಲಿ ಬದುಕಲು ಬಿಡಿ.

ಮದುವೆಯಾಗಿ ಒಂದು ವರ್ಷ ಕಳೆದಿದೆ ಅಂದುಕೊಳ್ಳಿ. ಮಗ ಈಗ ಹಬ್ಬಕ್ಕೆ ಕರೆಯುತ್ತಾನೆ. ಲೈಬ್ರರಿಯವರೆಲ್ಲ ಮನೆಗೆ ಬಂದಿದ್ದಾರೆ, ಫ್ಯಾನ್ ಕೆಟ್ಟಿದೆ. ಎಲ್ಲರ ಎದುರು ಆಕೆ ಗಂಡನಿಗೆ ಏನು ಹೇಳುತ್ತಾಳೆ, ಯಾವ ದನಿಯಲ್ಲಿ? ಅವನು ಸ್ಟೂಲ್ ಹತ್ತುತ್ತಾನಾ? ಆ ಹತ್ತು ಪುಟ ಬರೆದು ಕಳಿಸಿ. ನಾದಿನಿಯ ಭಾಷಣ ತೆಗೆದರೆ ಜಾಗ ಬೇಕಾದಷ್ಟಿದೆ.